ಇಸ್ತಾಂಬುಲಿಗೆ ಹೊರಟ ಹೊಳಲಿನ ಹೊನ್ನಯ್ಯ

ಹೊಳಲಿನ ಹೊನ್ನಯ್ಯನ ತಲೆ ಹುಟ್ಟಿದಾಗಿನಿಂದ ಮೇಲಿಂದ ಕೆಳಕ್ಕೆ ಮಾತ್ರ ಆಡುತ್ತಿತ್ತು, ಅಡ್ಡಡ್ಡ ಆಡುತ್ತಿರಲಿಲ್ಲ ಎಂಬುದು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಸೀಮೆಗೆ ಗೊತ್ತಿದ್ದ ಸಂಗತಿ. ಯಾರು ಏನು ಕೇಳಿದರೂ ಹೂಂ. ತೊಟ್ಟಿಲಲ್ಲಿದ್ದಾಗ ನೆರೆಮನೆಯವಳು ತಮಾಷೆಗೆ, "ನಿನ್ ಪಾಲಿನ ಆಲು ನನ್ ಮಗೀಗ್ ಕೊಟ್ಬುಡ್ತೀಯೇನ್ಲಾ" ಎಂದಿದ್ದಕ್ಕೂ ಕೂಸು ತಲೆಯಾಡಿಸಿತಂತೆ. ದೊಡ್ಡವನಾದ ಮೇಲೆ ಮಂಡ್ಯದ ಸಂತೆಗೆ ಉಪ್ಪು ತರಲು ಹೋದರೆ ಅರ್ಧ ಊರಿನ ಸಾಮಾನು ಅವನ ಗಾಡಿಯಲ್ಲೇ ಬರುತ್ತಿತ್ತು. ಉಪ್ಪು ಮಾತ್ರ ಮರೆತಿರುತ್ತಿತ್ತು. ಅವನು ಪಂಚೆ ಕೊಡವಿ ಎದ್ದರೆ ಎತ್ತುಗಳು ಮುಖ ತಿರುಗಿಸುತ್ತಿದ್ದವು. ಸಂಜೀವಿನಿಗೆ ಹಾರಿದ ಹನುಮಂತ ಬರೀ ಒಂದು ಬೆಟ್ಟ ಹೊತ್ತು ತಂದ, ಅದನ್ನೇ ಲೋಕ ಇನ್ನೂ ಹಾಡಿ ಹೊಗಳುತ್ತಿದೆ. ಅವತ್ತು ಹೊನ್ನಯ್ಯನನ್ನು ಕಳಿಸಿದ್ದರೆ ಸುಗ್ರೀವನ ಮನೆಗೆ ಹುಣಸೆಹಣ್ಣು, ಜಾಂಬವಂತನ ಮಂಡಿನೋವಿಗೆ ಎಣ್ಣೆ, ವಿಭೀಷಣನ ಹೆಂಡತಿಗೆ ಬಳೆ, ಎಲ್ಲಾ ತರುತ್ತಿದ್ದ. ಲಕ್ಷ್ಮಣ ಸ್ವಲ್ಪ ತಡೆದುಕೊಳ್ಳಬೇಕಾಗುತ್ತಿತ್ತು, ಅಷ್ಟೇ.

ಇಂಥ ಮಹಾಪುರುಷನಿಗೆ ಆಕಾಶಮಾರ್ಗದ ಯೋಗ ಬಂದದ್ದು ಅಫ್ಸರ್ ಪಾಷಾನಿಂದ. ಪಾಷಾ ಮಂಡ್ಯ ಪೇಟೆಯಲ್ಲಿ ಆಯಿಲ್ ಇಂಜಿನ್ ಮಾರುವ, ರಿಪೇರಿ ಮಾಡುವ ಸಾಹುಕಾರ. ಮದರಾಸಿಗೆ ಇಂಜಿನ್ ತರಲು ಹೋಗಿ ಬಂದು ಮಾಡುತ್ತಾ ಅಲ್ಲಿನ ಕ್ಲಬ್ಬಿನಲ್ಲಿ ವಿಮಾನ ಹಾರಿಸುವುದನ್ನೂ ಕಲಿತುಬಿಟ್ಟಿದ್ದ. ನಾಲೆಯ ನೀರು ಬಂದ ಮೇಲೆ ಹೊನ್ನಯ್ಯನಿಗೆ ಕಬ್ಬಿನಲ್ಲಿ ಕೈ ತುಂಬಾ ಬರುತ್ತಿತ್ತು. ಇಬ್ಬರೂ ಪಾಲು ಹಾಕಿ ಮದರಾಸಿನ ದೊರೆಯೊಬ್ಬ ಆಡಿಸಿ ಬಿಟ್ಟ ಪುಟ್ಟ ವಿಮಾನವೊಂದನ್ನು ಕೊಂಡರು. ಮೂರು ಜನ ಕೂರಬಹುದು: ಮುಂದೆ ಓಡಿಸುವವನು, ಹಿಂದೆ ಇಬ್ಬರು.

ಪಾಷಾನ ಅಂಗಡಿ ಗೋಡೆಯ ಮೇಲೆ ಏಷ್ಯಾ ಖಂಡದ ನಕ್ಷೆ ತೂಗುಬಿದ್ದಿತ್ತು. ಹೈದರಾಬಾದು, ಜೋಧಪುರ, ಕರಾಚಿ, ಬಸ್ರಾ, ಬಾಗ್ದಾದು, ಕೊನೆಗೆ ಇಸ್ತಾಂಬುಲು. ಅಲ್ಲಿ ಸಮುದ್ರದ ದಡದಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯುವುದು, ವಾಪಸು ಬರುವುದು. ಇದೇ ಕಾರ್ಯಕ್ರಮ.

ಊರಿಗೆ ಇದು ಅರ್ಥವಾಗಲಿಲ್ಲ. ನಮ್ಮ ಕಡೆ ಜನ ಊರು ಬಿಡುತ್ತಿದ್ದದ್ದು ಮದುವೆಗೆ, ಸಾವಿಗೆ, ಕೋರ್ಟಿಗೆ, ಹರಕೆಗೆ. ಸುಮ್ಮನೆ ಹೋಗಿ ಸುಮ್ಮನೆ ಬರುವುದು ಯಾವ ವಂಶದಲ್ಲೂ ಇರಲಿಲ್ಲ.

"ಕಾಪಿಗಾ?" ಎಂದ ಕೊತ್ತತ್ತಿಯ ಜವರಯ್ಯ. ಅವನದು ದೊಡ್ಡ ಆಲೆಮನೆ, ಬೆಲ್ಲದ ವ್ಯಾಪಾರ. "ಮದ್ದೂರು ಟೇಸನ್ನಾಗೆ ಕಾಪಿ ಸಿಕ್ಕಲ್ವೇನ್ಲಾ?"

"ಸಿಕ್ತದೆ. ಆದ್ರೆ ಅದಕ್ಕೆ ಆಕಾಸ್ದಾಗೆ ಆರ್ಬೇಕಾಗಿಲ್ಲ" ಎಂದ ಹೊನ್ನಯ್ಯ.

"ಅಂಗಾರೆ ಓಗೋನು ಸುಮ್ಕೆ ಯಾಕ್ ಓಗ್ತೀಯ? ನಮ್ ಬೆಲ್ಲದ ಅಚ್ಚು ಒಂದ್ ಮೂಟೆ ತಕ್ಕೊಂಡೋಗು. ತುರ್ಕರು ರುಚಿ ನೋಡ್ಲಿ."

ತಲೆ ಮೇಲಿಂದ ಕೆಳಕ್ಕೆ ಆಡಿತು.

ಊರಿಗೆ ಆ ಪ್ರಯಾಣ ಅರ್ಥವಾದದ್ದು ಆ ಕ್ಷಣದಲ್ಲಿ. ಮಾರನೆಯ ದಿನ ಚಿಕ್ಕಬೋರಮ್ಮ ಉಪ್ಪಿನಕಾಯಿ ಜಾಡಿ ತಂದಳು. ಅವಳ ಅಳಿಯ ಹೆಂಡತಿಯನ್ನು ಬಿಟ್ಟು ಓಡಿಹೋಗಿ ಕರಾಚಿಯ ಯಾವುದೋ ಹೋಟೆಲಿನಲ್ಲಿದ್ದಾನೆಂದು ಸುದ್ದಿ. "ಕೈಗ್ ಕೊಟ್ಟು, ತಿಂದಾದ್ಮೇಲೆ ಕಪಾಳಕ್ಕೊಂದು ಬುಡು" ಎಂದಳು. ಪಾಷಾನ ತಾಯಿ ಸುಲ್ತಾನ್ ಬೀ ಬಾಗ್ದಾದಿನ ದರ್ಗಾಕ್ಕೆಂದು ಜರಿಯ ಚಾದರ, ಪನ್ನೀರು ಕಳಿಸಿದರು. ಮರಿಸಿದ್ದಯ್ಯ ಎಂಬುವನು ತಂದೆಯ ಅಸ್ಥಿಯ ಮಡಕೆ ತಂದ. ಗಂಗೆ ಆ ದಾರಿಯಲ್ಲಿ ಸಿಗುವುದಿಲ್ಲವೆಂದು ಪಾಷಾ ನಕ್ಷೆ ತೋರಿಸಿದರೆ, "ವಸಿ ತಿರುಗುಸ್ಕೊಂಡೋದ್ರಾಯ್ತು ಸಾಬ್ರೆ, ಮ್ಯಾಲೇನ್ ಬೇಲಿ ಇದ್ದದಾ" ಎಂದ.

ಎಲ್ಲರೂ ಏನಾದರೂ ಕೊಟ್ಟರು. ಏನೂ ಕೊಡದೆ ಕೇಳಿದವಳು ಒಬ್ಬಳೇ, ಹೊನ್ನಯ್ಯನ ಹೆಂಡತಿ ಹೊಂಬಾಳಮ್ಮ.

"ನಾನೂ ಬತ್ತೀನಿ" ಎಂದಳು.

"ನಿಂಗೆ ಇಸ್ತಾಂಬುಲಾಗೆ ಏನಮ್ಮಿ ಕೆಲ್ಸ?"

"ಇಸ್ತಾಂಬುಲು ಕಟ್ಕೊಂಡು ನಂಗೇನು. ಉಟ್ದಾಗಿಂದ ನಾಟಿ ಆಕಿವ್ನಿ. ಬಗ್ಗಿದ್ರೆ ಮೂಗಿನ್ ಮುಂದ್ಲ ಕೆಸ್ರು, ಎದ್ರೆ ಸೊಂಟ್ನೋವು. ನಾ ನೆಟ್ಟಿದ್ ಗದ್ದೆ ಮ್ಯಾಲಿಂದ ಎಂಗ್ ಕಾಣ್ತದೋ ಒಂದ್ಸತಿ ನೋಡ್ಬೇಕು."

ಹೊನ್ನಯ್ಯ ಎಂದಿನಂತೆ ಹೂಂ ಎಂದ. ಹೊಂಬಾಳಮ್ಮ ಮದುವೆಯ ಕೆಂಪು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ತಲೆಯ ಸೆರಗು ಗಾಳಿಗೆ ಹಾರದಂತೆ ಕಟ್ಟುವುದು ಹೇಗೆಂದು ಹಿತ್ತಲಿನಲ್ಲಿ ಅಭ್ಯಾಸ ಮಾಡಿದಳು. ಬಾವಿಕಟ್ಟೆಯ ಹೆಂಗಸರು ಅವಳಿಗೆ ರಂಭೆ ಎಂದು ಹೆಸರಿಟ್ಟರು. ಅವಳು ನಗುತ್ತಲೇ ನೀರು ಹೊತ್ತಳು.

ಮಂಡ್ಯದ ಸುತ್ತ ಎಲ್ಲಾ ಗದ್ದೆ, ವಿಮಾನ ಇಳಿಯಲು ಅಂಗೈಯಗಲ ಒಣನೆಲ ಇರಲಿಲ್ಲ. ಹಾಗಾಗಿ ಮಳವಳ್ಳಿ ರಸ್ತೆಯ ಬಯಲೊಂದನ್ನು ಗುತ್ತಿಗೆ ಹಿಡಿದು, ಕಲ್ಲು ಆಯ್ದು, ಮೇಕೆಗಳನ್ನು ಓಡಿಸಿದರು. ಮೂವತ್ತೊಂಬತ್ತನೇ ಇಸವಿಯ ಶಿವರಾತ್ರಿಯ ಹೊತ್ತಿಗೆ ಪಾಷಾ ವಿಮಾನವನ್ನು ತಂದು ಇಳಿಸಿದ. ಜನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೂತಿಗೆ ನಿಂಬೆಹಣ್ಣು ಕಟ್ಟಿದರು. ಗಾಳಿಯಲ್ಲಿ ತಿರುಗುವ ರೆಕ್ಕೆಗೇ ಕಟ್ಟಲು ಹೋದವರನ್ನು ಪಾಷಾ ಕೈಮುಗಿದು ತಡೆದ.

ಹೊರಡುವ ಮುನ್ನ ತೂಕ ನೋಡಬೇಕೆಂದ. ಜವರಯ್ಯ ಆಲೆಮನೆಯ ಬೆಲ್ಲದ ತಕ್ಕಡಿಯನ್ನು ಗಾಡಿಯಲ್ಲಿ ತಂದು ಹುಣಸೆಮರಕ್ಕೆ ನೇತುಹಾಕಿದ. ಹೊನ್ನಯ್ಯ ಒಂದು ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ತುಲಾಭಾರವೆಂದುಕೊಂಡು ಮುದುಕಿಯೊಬ್ಬಳು ಅಡ್ಡಬಿದ್ದಳು. ಆಮೇಲೆ ಗಂಟುಮೂಟೆ ತೂಗಿದರು. ಕೊನೆಗೆ ಹೊಂಬಾಳಮ್ಮ ಕೆಂಪು ಸೀರೆಯುಟ್ಟು, ನಾಚಿಕೊಂಡೂ ನಾಚದಂತೆಯೂ ಹತ್ತಿ ಕೂತಳು. ಕಾಲು ನೆಲ ಬಿಟ್ಟದ್ದಕ್ಕೇ ಅವಳ ಮುಖ ಅರಳಿತ್ತು.

ಪಾಷಾ ಲೆಕ್ಕ ಹಾಕಿ ತಲೆ ಕೆರೆದುಕೊಂಡ. "ಹೊನ್ನಣ್ಣ, ಇಷ್ಟು ಭಾರಕ್ಕೆ ಇದು ಏಳಲ್ಲ. ಗಂಟೆಲ್ಲಾ ಇಳಿಸಿದ್ರೆ ಅಕ್ಕ ಬರ್ತಾರೆ. ಗಂಟು ಬರ್ಲೇಬೇಕು ಅಂದ್ರೆ ಅಕ್ಕ ಇಳೀಬೇಕು."

ಗಂಟು ಕೊಟ್ಟವರೆಲ್ಲಾ ಸುತ್ತ ನಿಂತಿದ್ದರು. ಬಿಟ್ಟುಹೋದ ಅಳಿಯನ ಉಪ್ಪಿನಕಾಯಿ, ಪಾಷಾನ ತಾಯಿಯ ಹರಕೆ, ಸತ್ತವನ ಅಸ್ಥಿ. ನಮ್ಮಲ್ಲಿ ಒಪ್ಪಿಕೊಂಡ ಗಂಟನ್ನು ಹೊಸ್ತಿಲು ದಾಟದೆ ಹಿಂದಕ್ಕೆ ಕೊಡುವುದೆಂದರೆ ಎಲೆ ಹಾಕಿ ಎಬ್ಬಿಸಿದ ಹಾಗೆ. ಮೂರು ತಲೆಮಾರು ಮಾತು ಬಿಡುತ್ತಾರೆ. ಹೆಂಡತಿ ಮಾತು ಬಿಟ್ಟರೆ ಬೆಳಗಾಗುವುದರೊಳಗೆ ಸರಿಹೋಗುತ್ತದೆಂದು ಗಂಡಸರ ನಂಬಿಕೆ. ಹೊನ್ನಯ್ಯ ಜನರ ಮುಖ ನೋಡಿದ, ತಕ್ಕಡಿ ನೋಡಿದ.

"ಮುಂದಿನ್ ಸತಿ ಬರುವಂತೆ, ಇಳಿಯಮ್ಮಿ" ಎಂದ.

ಹೊಂಬಾಳಮ್ಮ ಇಳಿದಳು. ತಟ್ಟೆ ಮೇಲಕ್ಕೆ ಹಾರಿ ತೂಗಾಡಿತು.

ಪಾಷಾನಿಗೆ ತಡೆಯಲಿಲ್ಲ. "ಗಂಟು ಕೆಳಗಿರಲಿ. ಈಗ್ಲೇ ಅಕ್ಕನ್ನ ಕೂರಿಸ್ಕೊಂಡು ಹೊಳಲಿನ ಮೇಲೆ ಒಂದು ಸುತ್ತು ಹಾಕ್ಕೊಂಡು ಬಂದ್ಬಿಡ್ತೀನಿ. ಬೀಡಿ ಸೇದೋಷ್ಟು ಹೊತ್ತು."

"ಓಗೋ ದಿನ ಗೊತ್ತಾದ್ಮೇಲೆ ನಡುವೆ ಇಮಾನ ಆರುಸ್ಬಾರ್ದು ಪಾಸಾ, ಸಕುನ ಕೆಡ್ತದೆ. ಬಂದ್ಮೇಲೆ ಎಂಗೂ ಇದ್ದೇ ಐತಲ್ಲ" ಎಂದ ಹೊನ್ನಯ್ಯ.

ಹೊಂಬಾಳಮ್ಮ ಮನೆಗೆ ನಡೆದುಕೊಂಡೇ ಬಂದು ಸೀರೆ ಮಡಿಸಿಟ್ಟಳು. ಅಡಿಗೆಯಲ್ಲಿ ಉಪ್ಪು ಖಾರ ಎಂದಿನಂತೆಯೇ ಇತ್ತು. ಹೊನ್ನಯ್ಯ ಅದನ್ನು ಕ್ಷಮೆಯೆಂದು ತಿಳಿದುಕೊಂಡ.

ಇನ್ನು ಹೊರಡುವುದೊಂದೇ ಬಾಕಿ. ಆದರೆ ವಿಮಾನದಲ್ಲಿ ಒಂದು ಆಳಿನ ಜಾಗ ಖಾಲಿಯಾಗಿದೆಯೆಂಬ ಸುದ್ದಿ ಕೊಪ್ಪದವರೆಗೂ ಹೋಯಿತು. ಕೊಡಲು ಮರೆತಿದ್ದವರೆಲ್ಲಾ ಬಂದರು. ತುಪ್ಪದ ಡಬ್ಬಿ, ಕಂಬಳಿ, ಯಾರದೋ ಸೊಸೆ ಹೆರಲಿ ಎಂದು ಹರಕೆಯ ಬೆಳ್ಳಿ ತೊಟ್ಟಿಲು. ಹೊನ್ನಯ್ಯ ಎಲ್ಲದಕ್ಕೂ ತಲೆಯಾಡಿಸಿದ. ಮತ್ತೆ ತೂಕ, ಮತ್ತೆ ಹೆಚ್ಚು, ಮತ್ತೆ ಯಾರದನ್ನು ಇಳಿಸುವುದೆಂದು ಪಂಚಾಯಿತಿ. ಅಷ್ಟರಲ್ಲಿ ಬೇಸಿಗೆ ಬಲಿತು, ಕಾದ ಗಾಳಿಯಲ್ಲಿ ಭಾರ ಏಳುವುದಿಲ್ಲವೆಂದ ಪಾಷಾ. ಆಮೇಲೆ ಮಳೆ. ದಸರಾ ಕಳೆದು ಹೊರಡುವುದೆಂದಾಯಿತು.

ದಸರಾಕ್ಕೆ ಮುಂಚೆ ಯುದ್ಧ ಬಂತು. ಖಾಸಗಿಯವರು ಹಾರಿಸಕೂಡದೆಂದು ಅಪ್ಪಣೆಯಾಯಿತು; ಸ್ವಲ್ಪ ದಿನಕ್ಕೆ ವಿಮಾನವನ್ನೂ ದಂಡಿಗೆ ಬೇಕೆಂದು ಒಯ್ದರು. ಅದು ಮಳವಳ್ಳಿ ಬಯಲಿನಿಂದ ಎದ್ದು, ಗಂಟೂ ಇಲ್ಲದೆ ಹೊನ್ನಯ್ಯನೂ ಇಲ್ಲದೆ, ಹಕ್ಕಿಯ ಹಾಗೆ ಹೋಯಿತು. ಅವತ್ತು ಹೊಂಬಾಳಮ್ಮ ಕಳೆ ಕೀಳುತ್ತಿದ್ದಳು. ಸದ್ದು ಕೇಳಿ ಸೊಂಟ ನೆಟ್ಟಗೆ ಮಾಡಿ, ಹುಬ್ಬಿಗೆ ಕೈಯಿಟ್ಟು ನೋಡಿದಳಂತೆ. ಪಕ್ಕದ ಬದುವಿನಲ್ಲಿದ್ದ ಚಿಕ್ಕಬೋರಮ್ಮ ಹೇಳಿದ್ದು. ಗಂಟುಗಳೆಲ್ಲಾ ಅವರವರ ಮನೆಗೆ ವಾಪಸು ಹೋದವು. ಯಾರೂ ಮಾತು ಬಿಡಲಿಲ್ಲ.

ನಲವತ್ತಮೂರರಲ್ಲಿ ನಾಲೆ ಬಯಲಿಗೆಲ್ಲಾ ಚಳಿಜ್ವರ ಬಂತು. ಹೊಂಬಾಳಮ್ಮ ಹೋದಳು.

ಕಥೆ ಮಾತ್ರ ದಿನದಿನಕ್ಕೂ ಬೆಳೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಹೊನ್ನಯ್ಯ ಕರಾಚಿ ಮುಟ್ಟಿದ್ದ; ನಲವತ್ತೇಳರ ಹೊತ್ತಿಗೆ ಬಾಗ್ದಾದು ದಾಟಿದ್ದ. ಆ ವರ್ಷ ಮದ್ದೂರು ಸ್ಟೇಷನ್ನಿನ ತಿಂಡಿ ಅಂಗಡಿಯಲ್ಲಿ ಕೊಪ್ಪದ ಚೌಡಯ್ಯ, ಪರಸ್ಥಳದ ಇಬ್ಬರು ಪ್ರಯಾಣಿಕರಿಗೆ ಹೊನ್ನಯ್ಯನನ್ನು ತೋರಿಸುತ್ತಿದ್ದ. ಹೊನ್ನಯ್ಯ ಪಕ್ಕದ ಬೆಂಚಿನಲ್ಲಿ ಕೂತು ವಡೆ ಮುರಿಯುತ್ತಿದ್ದ.

"ಸಾಮಾನ್ಯ ಅಲ್ಲ ಇವ್ನು" ಎಂದ ಚೌಡಯ್ಯ. "ಇಡೀ ಖಂಡ ದಾಟೋಕೆ ಸ್ವಂತ ಇಮಾನ ಮಡಗಿದ್ದೋನು. ಆ ಜರ್ಮನಿಯೋರು ಕಾಲ್ ಕೆರೀದೆ ಇದ್ದಿದ್ರೆ ಇಸ್ತಾಂಬುಲು ಇವ್ನ ಕಾಲ್ಬುಡದಲ್ಲಿರ್ತಿತ್ತು. ಅಲ್ವೇನ್ಲಾ ಹೊನ್ನಾ? ಯುದ್ದ ತಾನೆ ಕೆಡಿಸಿದ್ದು?"

ಹೊನ್ನಯ್ಯ ಎಲೆಯ ಮೇಲಿನ ವಡೆಯನ್ನು ಪಕ್ಕಕ್ಕೆ ಸರಿಸಿದ.

"ಯುದ್ದ ಬಂದಿದ್ದು ಗೌರಿ ಅಬ್ಬದ್ ಮಗ್ಗುಲಲ್ಲಿ ಕಣ್ಲಾ ಚೌಡ" ಎಂದ. "ಇಮಾನ ಸಿವರಾತ್ರಿಯಿಂದ ಬಯ್ಲಲ್ಲೇ ನಿಂತಿತ್ತು. ಅವ್ಳನ್ನ ಕೂರುಸ್ಕೊಂಡು ಗದ್ದೆ ಮ್ಯಾಲೆ ಒಂದ್ ಸುತ್ತು ಬರ್ಬೋದಿತ್ತು. ಬರ್ಲಿಲ್ಲ."