ಬಿಟ್ಟು ಹೇಳಿದ ಮಾತು

ಫ್ರೆಂಚ್ ಮಾತಾಡುವ ಬೆನಿನ್ ದೇಶದಿಂದ ನಾಲ್ವರು ಅಧಿಕಾರಿಗಳು ರಾಮನಗರಕ್ಕೆ ಬಂದಿದ್ದರು. ಸರ್ಕಾರದ ಯೋಜನೆ ಜನರನ್ನು ನಿಜವಾಗಿ ಮುಟ್ಟಿದೆಯೇ ಎಂದು ಪರಿಶೀಲಿಸುವುದು ಅವರ ಕೆಲಸ. ಇಲ್ಲಿ ಅದನ್ನು ಹೇಗೆ ಮಾಡುತ್ತಾರೆಂದು ನೋಡಬೇಕಿತ್ತು. ಬೆಂಗಳೂರಿನಲ್ಲಿ ಫ್ರೆಂಚ್ ಪಾಠ ಹೇಳಿ ದಿನಾ ರೈಲಿನಲ್ಲಿ ಚನ್ನಪಟ್ಟಣಕ್ಕೆ ಮರಳುತ್ತಿದ್ದ ನನ್ನನ್ನು ದುಭಾಷಿಯಾಗಿ ಕರೆದರು.

ಕೈಲಾಂಚ ಕಡೆಯ ಒಂದು ಹಳ್ಳಿಯಲ್ಲಿ ಮನೆಮನೆಯ ನಲ್ಲಿ ತೋರಿಸುವುದಿತ್ತು. ಮೊದಲ ಮನೆಯಲ್ಲಿ ನಲ್ಲಿ ತಿರುಗಿಸಿದೊಡನೆ ನೀರು ರಭಸವಾಗಿ ಸುರಿಯಿತು. ಜೊತೆಗಿದ್ದ ನೀರು ಸರಬರಾಜು ಇಲಾಖೆಯ ಇಂಜಿನಿಯರ್ ಅವರ ಮುಖ ಅರಳಿತು. ದಿನಾ ಹೀಗೇ ಬರುತ್ತದೆಯೇ ಎಂದು ತಂಡದ ಹಿರಿಯ ಮಹಿಳೆ ನನ್ನ ಮೂಲಕ ಕೇಳಿದರು.

ರೇಷ್ಮೆ ಹುಳಕ್ಕೆ ಸೊಪ್ಪು ಬಿಡಿಸುತ್ತಿದ್ದ ಮನೆಯಾಕೆ ತಲೆಯೆತ್ತಿದರು. "ದಿನಾ ಎಲ್ ಬತ್ತದವ್ವ? ಒಂದ್ ತೊಟ್ ಬಂದು ತಿಂಗಳಾಯ್ತು. ನೀವ್ ಬತ್ತೀರಾಂತ ಇವತ್ ಬುಟ್ಟವ್ರೆ. ನಾಳಿಂದ ತೋಟದ ಬೋರ್‌ವೆಲ್ಲೇ ಗತಿ."

ಇಂಜಿನಿಯರ್ ನನ್ನ ಪಕ್ಕಕ್ಕೆ ಬಂದರು. "ಮೇಡಂ, ಒಸಿ ನೋಡ್ಕೊಂಡ್ ಹೇಳಿ. ಆಗಾಗ ತೊಂದ್ರೆ ಆಯ್ತದೆ ಅಂದ್ಬುಡಿ, ಸಾಕು."

ನಾನು ಅಷ್ಟೇ ಹೇಳಿದೆ. ಬರೆಯುತ್ತಿದ್ದ ಹಿರಿಯ ಮಹಿಳೆಯ ಕೈ ನಿಂತಿತು. "ಆಕೆ ಅಷ್ಟು ಹೊತ್ತು ಮಾತಾಡಿದರು. ಹೇಳಿದ್ದು ಇಷ್ಟೇನಾ?" ಎಂದು ನನ್ನನ್ನೇ ನೋಡಿದರು.

ನಾನು ಮನೆಯಾಕೆಯತ್ತ ತಿರುಗಿದೆ. ನಾವು ಜೀಪು ಹತ್ತಿ ಹೋಗುವವರು. ಆಕೆ ಅಲ್ಲೇ ಬಾಳಬೇಕಾದವರು. "ಅಕ್ಕಾ, ನೀವು ಅಂದಿದ್ದನ್ನ ಹಾಗೇ ಹೇಳ್ಲಾ? ಆಮೇಲೆ ನಿಮಗೇನೂ ತೊಂದ್ರೆ ಆಗಲ್ವಾ?" ಎಂದೆ.

ಆಕೆ ಇಂಜಿನಿಯರನ್ನು ಒಮ್ಮೆ ನೋಡಿದರು. "ನೀರೇ ಇಲ್ವಲ್ಲ, ಇನ್ನೇನ್ ತೊಂದ್ರೆ? ಹೇಳವ್ವ."

ಎಲ್ಲವನ್ನೂ ಹೇಳಿದೆ. ಮೊದಲು ನಾನೇ ಬಿಟ್ಟು ಹೇಳಿದ್ದೆನೆಂದೂ ಒಪ್ಪಿಕೊಂಡೆ. ಹಿರಿಯ ಮಹಿಳೆ ಬರೆದುಕೊಂಡು, ಓಣಿಯ ಕೊನೆಯ ಮನೆಯತ್ತ ನಡೆದರು. "ಆ ಮನೆ ಲಿಸ್ಟಲ್ಲಿಲ್ಲ!" ಎಂದು ಇಂಜಿನಿಯರ್ ಹಿಂದೆ ಓಡಿದರು. ಅಲ್ಲಿ ನಲ್ಲಿಗೆ ಕರು ಕಟ್ಟಿದ್ದರು. ತಿರುಗಿಸಿದರೆ ಗಾಳಿಯ ಸದ್ದೂ ಬರಲಿಲ್ಲ.

ಮರುದಿನದ ಮಾಗಡಿ ಪ್ರವಾಸಕ್ಕೆ ನನ್ನನ್ನು ಕರೆಯಲಿಲ್ಲ.

ಆ ಮೊದಲ ಮನೆಯಾಕೆಗೇನಾಯಿತೋ ಎಂಬ ಅಳುಕು ಮಾತ್ರ ಹೋಗಲಿಲ್ಲ. ಕೆಲವು ವಾರ ಬಿಟ್ಟು ಸ್ಕೂಟರಿನಲ್ಲಿ ಹೋದೆ. "ಎರಡು ದಿನಕ್ಕೊಂದ್ ಸಲ ಬುಡ್ತಾವ್ರೆ ಕಣವ್ವ. ಕೊನೆ ಮನೆಗೆ ಇನ್ನೂ ಇಲ್ಲ," ಎಂದರು. ಅಂದು ಆಕೆಯ ಮಾತನ್ನು ಮೊದಲು ನುಂಗಿದ್ದಕ್ಕೆ ಕ್ಷಮೆ ಕೇಳಿದೆ.

"ಆಮೇಲ್ ಹೇಳ್ದಲ್ಲ, ಬುಡು," ಎಂದು ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದರು.