ಪುರಾವೆ ಮೇಡಂ ಮುಟ್ಟದ ವಾಕ್ಯ

ನಮ್ಮ ಕಾಲೇಜಿನ ಮಕ್ಕಳು ಪ್ರತಿ ವರ್ಷ ಅಂತರ್ಜಾಲದ ವಿಶ್ವಕೋಶಕ್ಕೆ ತಲಾ ಒಂದು ಲೇಖನ ಬರೆಯಬೇಕು. ಅಂಕ ಹಾಕುವುದು ನಾನು, ಜೀವ ಹಿಂಡುವುದು ಪುರಾವೆ ಮೇಡಂ. ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು, ಮನೆಯಲ್ಲಿ ಕೂತು ಮಾಡುವುದೇನೆಂದು ಸಂಬಳವಿಲ್ಲದೆ ಈ ಮಾರ್ಗದರ್ಶನಕ್ಕೆ ಬಂದರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಅವರದು ಒಂದೇ ಪ್ರಶ್ನೆ: ಎಲ್ಲಿ ಅಚ್ಚಾಗಿದೆ? ಒಬ್ಬ ತನ್ನ ಬೀದಿಯ ಬಾವಿ ನೂರು ಅಡಿ ಆಳವೆಂದು ಬರೆದಿದ್ದ. ಪುರಾವೆ ಕೇಳಿದರೆ ಅಜ್ಜಿ ಹೇಳಿದ್ದು ಎಂದ. ಅಜ್ಜಿ ಇಳಿದು ನೋಡಿದ್ದರೇ ಎಂದು ಮೇಡಂ ಮುಖದ ಗೆರೆಯೂ ಅಲುಗದಂತೆ ವಿಚಾರಿಸಿದರು. ಇವತ್ತು ಸೆಕೆ ಜಾಸ್ತಿ ಎಂದು ನಾನು ಅಂದರೂ ಗೋಡೆಯ ಉಷ್ಣಮಾಪಕ ನೋಡಿಯೇ ಹೂಂಗುಡುತ್ತಿದ್ದರು.

ಈ ವರ್ಷ, ಸದಾ ಪೆನ್ನಿನ ಮುಚ್ಚಳ ಕಚ್ಚುವ ಒಬ್ಬ ಹುಡುಗಿ, ಸುಟ್ಟುಹೋದ ಹಳೆಯ ಚಿತ್ರಮಂದಿರದ ಬಗ್ಗೆ ಬರೆದಳು. ಈಗ ಆ ಜಾಗದಲ್ಲಿ ವಾಹನ ನಿಲ್ಲಿಸುತ್ತಾರೆ. ಲೇಖನದಲ್ಲಿ ಒಂದು ವಾಕ್ಯವಿತ್ತು: 'ಮಧ್ಯಾಹ್ನದ ಆಟದಲ್ಲಿ ಬೆಂಕಿ ಹತ್ತಿದ ಕೂಡಲೇ ಪ್ರೊಜೆಕ್ಟರ್ ಆಪರೇಟರ್ ಪ್ರೇಕ್ಷಕರನ್ನು ಬಿಟ್ಟು ಓಡಿಹೋದನು.' ಕೆಳಗೆ ಅರವತ್ತಾರು ವರ್ಷ ಹಿಂದಿನ ಪತ್ರಿಕೆಯ ತಾರೀಖು, ಪುಟ, ಅಂಕಣ ಎಲ್ಲ ಅಚ್ಚುಕಟ್ಟಾಗಿತ್ತು. ಹುಡುಗಿ ಹೊಗಳಿಕೆಗೆ ಕಾದು ನಿಂತಳು.

ಮೇಡಂ ಎರಡು ಸಲ ಓದಿ, ಕನ್ನಡಕ ತೆಗೆದು, ಸರಿಯಾಗಿದೆ ಅಂದರು. ಆಮೇಲೆ ಬ್ಯಾಗ್ ತೆಗೆದುಕೊಂಡು ಅರ್ಧ ಗಂಟೆ ಮೊದಲೇ ಮನೆಗೆ ಹೋದರು. ಅವರು ಬೇಗ ಹೋದದ್ದು ಅದೇ ಮೊದಲು.

ಮಾರನೆಯ ದಿನ, ಲೇಖನದ ತಪ್ಪುಒಪ್ಪುಗಳನ್ನು ಎಲ್ಲರೂ ಬರೆಯುವ ಚರ್ಚಾಪುಟದಲ್ಲಿ ಮೇಡಂ ಹಾಕಿದ ಎರಡು ಸಾಲು ಇದ್ದವು: 'ಆ ಆಪರೇಟರ್ ನನ್ನ ತಂದೆ. ಸಂಬಂಧಿಕರು ತಿದ್ದಬಾರದೆಂಬ ನಿಯಮವಿರುವುದರಿಂದ ನಾನು ಈ ವಾಕ್ಯ ಮುಟ್ಟುವುದಿಲ್ಲ.'

ನನಗೆ ರೇಗಿತು. ಒಂದು ವಾಕ್ಯ ಅಳಿಸಿದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ಕೇಳಿದೆ. ಆಗ ಮೇಡಂ ಬಾಯಿ ಬಿಟ್ಟರು. ಅಪ್ಪ ಓಡಲಿಲ್ಲ, ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ಕಳಿಸಿದ್ದೇ ಅವರು ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದರಂತೆ. ಕೆಲಸ ಕಳೆದುಕೊಂಡ ಅಪ್ಪ ರೇಡಿಯೋ ರಿಪೇರಿ ಮಾಡಿಕೊಂಡಿದ್ದು, ಆ ವಿಷಯ ತುಟಿಪಿಟಕ್ಕೆನ್ನದೆ ತೀರಿಕೊಂಡರಂತೆ.

"ಮತ್ತೆ ತೆಗೆದುಹಾಕಿ ಮೇಡಂ," ಅಂದೆ.

"ಅಮ್ಮ ಹೇಳಿದ್ದು ಪುರಾವೆ ಆಗಲ್ಲ ಸರ್. ಆರು ವರ್ಷದಿಂದ ಮಕ್ಕಳಿಗೆ ಅದನ್ನೇ ಹೇಳ್ತಾ ಬಂದಿದೀನಿ."

ಅವರ ಕಣ್ಣು ತುಂಬಿತ್ತು.

ಚರ್ಚಾಪುಟ ಓದಿದ ಹುಡುಗಿ ಸರ್ಕಾರಿ ದಾಖಲೆ ಕೋಣೆಯಲ್ಲಿ ನಾಲ್ಕು ದಿನ ಧೂಳು ಕುಡಿದಳು. ಐದನೆಯ ದಿನ ಬೆಂಕಿ ಅನಾಹುತದ ವಿಚಾರಣಾ ವರದಿ ತಂದು ಮೇಡಂ ಮುಂದಿಟ್ಟಳು. ಅಚ್ಚಾದ ವರದಿಯೇ. ಅದರ ಪ್ರಕಾರ ಬೆಂಕಿ ಹತ್ತಿದಾಗ ಆಪರೇಟರ್ ಕ್ಯಾಬಿನ್ನಿನಲ್ಲಿ ಇರಲೇ ಇಲ್ಲ. ಅಂದು ಬೆಳಿಗ್ಗೆ ಹುಟ್ಟಿದ ಮೊದಲ ಮಗಳನ್ನು ನೋಡಲು, ಓಡುತ್ತಿದ್ದ ರೀಲನ್ನು ಅದರ ಪಾಡಿಗೆ ಬಿಟ್ಟು ಆಸ್ಪತ್ರೆಗೆ ಹೋಗಿದ್ದ.

ಮೇಡಂ ಆ ಮನೆಗೆ ಒಬ್ಬಳೇ ಮಗಳು; ಅಂದರೆ ಆ ಮಗು ಅವರೇ. ಆದರೆ ಅವರ ಕಾಗದಪತ್ರಗಳಲ್ಲೆಲ್ಲ ಅವರು ಹುಟ್ಟಿದ್ದು ಬೆಂಕಿ ಬಿದ್ದು ಮೂರು ತಿಂಗಳಾದ ಮೇಲೆ. ಶಾಲೆಗೆ ಸೇರಿಸುವಾಗ ಅಪ್ಪನೇ ಬರೆಸಿದ ತಾರೀಖು ಅದು. ಊರಿನ ತಾರೀಖುಗಳಿಗೆಲ್ಲ ಪುರಾವೆ ಕೇಳಿದ ಹೆಂಗಸು ಅದೊಂದನ್ನು ಮಾತ್ರ ಅಪ್ಪ ಹೇಳಿದರೆಂದು ನಂಬಿಕೊಂಡಿದ್ದರು.

ಮೇಡಂ ವರದಿಯ ತಾರೀಖಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಹುಡುಗಿ ಹೆದರಿ, ಇದನ್ನು ಲೇಖನಕ್ಕೆ ಹಾಕಲೋ ಬೇಡವೋ ಎಂದು ಮೆಲ್ಲಗೆ ಕೇಳಿದಳು.

"ಹಾಕಮ್ಮ," ಅಂದರು ಮೇಡಂ, ಕಣ್ಣೊರೆಸಿಕೊಂಡು. "ಪುಟ ಸಂಖ್ಯೆ ಮರೀಬೇಡ."