ಆ ಭಾನುವಾರದ ಬೆರಕೆ ಸೊಪ್ಪು

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಆ ಕಾಲದಲ್ಲಿ, ಬಿಳಿಗೆರೆ ಪಕ್ಕದ ನಮ್ಮೂರಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ ಏನೇನು ಆಗಬಹುದಿತ್ತು ಎಂದು ಈಗಲೂ ಲೆಕ್ಕ ಹಾಕುತ್ತಿರುತ್ತೇನೆ. ಅಪ್ಪ ಉಣ್ಣುತ್ತಲೇ ತಟ್ಟೆಯ ಮೇಲೆ ಬೀಳಬಹುದಿತ್ತು. ಅಮ್ಮನಿಗೆ ಹುಚ್ಚು ಹಿಡಿಯಬಹುದಿತ್ತು. ಅಜ್ಜಿ ಎದ್ದು ಕುಣಿಯಬಹುದಿತ್ತು. ನಂಜನಗೂಡಿನಿಂದ ಪೊಲೀಸ್ ಜೀಪು ಬಂದು ಸೊಪ್ಪಿನ ಪುಟ್ಟಿಯ ಸಮೇತ ನನ್ನನ್ನು ಎತ್ತಿಕೊಂಡು ಹೋಗಬಹುದಿತ್ತು. ಅರ್ಧವಾರ್ಷಿಕ ಪರೀಕ್ಷೆ ತಪ್ಪುತ್ತಿತ್ತು ಎನ್ನುವುದೊಂದೇ ಲಾಭ.

ಇದಕ್ಕೆಲ್ಲ ಮೂಲ ಅಪ್ಪನ ಬಿ.ಪಿ. ಅಪ್ಪ ಊರೂರು ಸುತ್ತಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಬಾಡೂಟವಿಲ್ಲದ ಭಾನುವಾರ ಅವನಿಗೆ ಭಾನುವಾರವೇ ಅಲ್ಲ. ಮಳೆಗಾಲದ ಶುರುವಿನಲ್ಲಿ ಒಂದು ದಿನ ಕಣ್ಣು ಕತ್ತಲಿಟ್ಟು ಯಾರದೋ ಬಾವಿಕಟ್ಟೆಯ ಮೇಲೆ ಕುಸಿದು ಕೂತ. ಡಾಕ್ಟರು, "ಬಾಡು ಬಿಡಿ, ಎಣ್ಣೆ ಬಿಡಿ. ಸೊಪ್ಪು, ಕಾಳು, ತರಕಾರಿ ತಿನ್ನಿ. ಇಲ್ಲಾಂದ್ರೆ ಮುಂದಿನ ಸಲ ಬಾವಿಯೊಳಕ್ಕೇ ಬೀಳ್ತೀರಿ" ಎಂದರು.

"ಸೊಪ್ಪು ತಿನ್ನಕೆ ನಾನೇನ್ ಎತ್ತಾ ಅವ್ವಾ?" ಅಂದ ಅಪ್ಪ.

"ಎತ್ತಾಗಿದ್ರೆ ಇಷ್ಟೊತ್ಗೆ ಒಂದೆಕ್ರೆ ಉತ್ತಿರ್ತಿದ್ದೆ. ಉಣ್ಣು," ಅಂದಳು ಅಜ್ಜಿ.

ಎರಡು ತಿಂಗಳು ಹುರುಳಿಕಾಳಿನ ಬಸ್ಸಾರು, ಅಲಸಂದೆಯ ಉಪ್ಸಾರು, ನುಗ್ಗೆ ಸೊಪ್ಪಿನ ಪಲ್ಯ. ಅಪ್ಪ ಅರ್ಧ ಮುದ್ದೆ ನುಂಗಿ ಎದ್ದುಬಿಡುತ್ತಿದ್ದ. ಪಕ್ಕದ ಮನೆಯ ಮಸಾಲೆ ವಾಸನೆ ಗೋಡೆ ದಾಟಿ ಬಂದರೆ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ಇನ್ನೊಂದು ವಾರ ಹೀಗೇ ಆದರೆ ಬಾಡಿನಂಗಡಿಗೆ ಹೋಗೇ ಹೋಗುತ್ತಾನೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ನಾನಂತೂ ಆ ಬಾವಿಯನ್ನು ಕನಸಿನಲ್ಲೂ ನೋಡುತ್ತಿದ್ದೆ.

ಅಜ್ಜಿಯ ಕೊನೆಯ ಅಸ್ತ್ರ ಬೆರಕೆ ಸೊಪ್ಪಿನ ಮಸ್ಸೊಪ್ಪು. ಬೆರಕೆ ಸೊಪ್ಪನ್ನು ಯಾರೂ ಬಿತ್ತುವುದಿಲ್ಲ. ಮಳೆ ಬಿದ್ದರೆ ಹೊಲದ ಬದುವಿನಲ್ಲಿ ತಾನೇ ಬರುತ್ತದೆ: ಗಣಿಕೆ, ಕಿರಕಸಾಲೆ, ಅಣ್ಣೆ, ಹೊನಗೊನ್ನೆ, ಇನ್ನೂ ಏನೇನೋ. ಎಲ್ಲದರಲ್ಲೂ ಚೂರು ಚೂರು ಕೀಳಬೇಕು. "ಒಂದೇ ಜಾತಿ ತುಂಬ್ಕಂಡ್ ಬಂದ್ರೆ ಅದು ಸೊಪ್ಪಲ್ಲ ಕಣವ್ವ, ಮೇವು," ಅನ್ನುತ್ತಿದ್ದಳು ಅಜ್ಜಿ. ಆದರೆ ಆ ವಾರವೇ ಅವಳ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಇನ್ನೊಂದು ಮೊದಲೇ ಮಂಜು. ಹೀಗಾಗಿ ಮೊದಲ ಸಲ ಪುಟ್ಟಿ ನನ್ನ ಕೈಗೆ ಬಂತು.

ಕಿತ್ತು ತಂದೆ. ಅಜ್ಜಿಯ ಮುಂದಿಟ್ಟು ಕುಂಟೆಬಿಲ್ಲೆಗೆ ಓಡಿದೆ. ವಾಪಸು ಬರುವಷ್ಟರಲ್ಲಿ ಸೊಪ್ಪು ಬೇಳೆಯ ಜೊತೆ ಬೆಂದು, ಕಡಗೋಲಿನಲ್ಲಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಬಿದ್ದು ಬೀದಿಯೆಲ್ಲ ಘಮ್ಮೆನ್ನುತ್ತಿತ್ತು. ಅಪ್ಪ ತಟ್ಟೆಯ ಮುಂದೆ ಕೂತಿದ್ದ. ಆಗ ಗೆಳತಿ ಜಯಿ ಬಾಗಿಲಲ್ಲಿ ನಿಂತು ನನ್ನ ಕಿವಿಯಲ್ಲಿ ಕೇಳಿದಳು:

"ಗಣ್ಕೆ ಸೊಪ್ಪು ಎಲ್ ಕಿತ್ತೆ?"

"ಕಾಲುವೆ ಏರಿ ಮೇಲೆ."

"ಅಯ್ಯೋ, ಅಲ್ಲಿ ಎಳೇ ಉಮ್ಮತ್ತಿ ಗಿಡ ಅವೆ ಕಣೇ! ಎರಡೂ ಒಂದೇ ತರ. ನಮ್ಮ ಆಡು ತಿಂದು ಮೂರ್ ದಿನ ಕುಣೀತು."

ಅಷ್ಟು ಹೇಳಿ ಅವಳು ಊಟಕ್ಕೆ ಹೋದಳು. ಉಮ್ಮತ್ತಿ ಎಂದರೆ ದತ್ತೂರ, ಹುಚ್ಚು ಹಿಡಿಸುವ ವಿಷ. ನಾನು ಪಾತ್ರೆಯೊಳಗೆ ಇಣುಕಿದೆ. ಮಸೆದ ಮೇಲೆ ಯಾವ ಎಲೆ ಯಾವುದೆಂದು ದೇವರಿಗೂ ತಿಳಿಯದು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ, ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅಪ್ಪ ಹೇಳಿದ: "ಅವ್ವಾ, ಇನ್ನೊಂದ್ ಸೌಟು ಆಕು."

ಅಜ್ಜಿಯ ಮುಖ ಅರಳಿತು. ಈಗ ಹೇಳಿದರೆ ಅಪ್ಪ ಜನ್ಮದಲ್ಲಿ ಸೊಪ್ಪು ಮುಟ್ಟುವುದಿಲ್ಲ, ಬಾವಿಗೆ ಬೀಳುತ್ತಾನೆ. ಹೇಳದಿದ್ದರೆ ಇಲ್ಲೇ ಬೀಳುತ್ತಾನೆ. ನಾನು ಹೀಗೆ ಯೋಚಿಸುತ್ತಿರುವಾಗಲೇ ಅಪ್ಪ ಮೂರನೇ ಸೌಟು ಮುಗಿಸಿದ. "ನೀನೂ ಉಣ್ಣು ಬಾರವ್ವ," ಅಂದಳು ಅಮ್ಮ. ಹೊಟ್ಟೆನೋವು ಅಂದೆ.

ಅಪ್ಪ ಪಡಸಾಲೆಯಲ್ಲಿ ಮಲಗಿದ. ನಾನು ಪಕ್ಕದಲ್ಲಿ ಕೂತು ಅವನ ಮೂಗಿನ ಕೆಳಗೆ ಬೆರಳು ಹಿಡಿದೆ. ಉಸಿರಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದೆ. ಅಪ್ಪ ಜೋರಾಗಿ ಸೀನಿ ಎದ್ದು ಕೂತ.

"ಏನ್ ಕೂಸೇ ಇದು? ನಾನ್ ಸತ್ತಿದ್ದೀನಾ ಅಂತ ನೋಡ್ತಿದ್ದೀಯಾ?"

ನಾನು ಅತ್ತುಕೊಂಡು ಎಲ್ಲ ಹೇಳಿಬಿಟ್ಟೆ. ಅಪ್ಪನ ಕೈ ಹೊಟ್ಟೆಯ ಮೇಲೆ ಹೋಯಿತು. ಅಜ್ಜಿ ಮಾತ್ರ ಕೂತಲ್ಲಿಂದ ಕದಲಲಿಲ್ಲ.

"ಇತ್ತು, ಎರಡು ಎಲೆ. ಆಚೆ ಎಸ್ದೆ. ಕಣ್ಣಿಗೆ ತಾನೇ ಪಟ್ಟಿ ಕಟ್ಟವ್ರೆ, ಮೂಗಿಗಲ್ವಲ್ಲ? ಉಮ್ಮತ್ತಿ ನಾತ ನನಗ್ ಗೊತ್ತಾಗಕಿಲ್ವಾ?"

ಅಪ್ಪ ನಕ್ಕು ನಕ್ಕು ಕೆಮ್ಮಿದ. "ವಿಷ ಇದ್ರೂ ಪರವಾಗಿಲ್ಲ ಕಣವ್ವಾ, ಬರೋ ಭಾನುವಾರನೂ ಇದೇ ಮಾಡು" ಅಂದ. ನನ್ನ ಕೈಕಾಲಿನಲ್ಲಿ ಆಗ ಬಂದ ಹಗುರತನ ದೊಡ್ಡವಳಾದ ಮೇಲೆ ಯಾವ ಡಾಕ್ಟರ ರಿಪೋರ್ಟು ನೋಡಿದಾಗಲೂ ಬಂದಿಲ್ಲ.

ಅಪ್ಪ ಈಗಲೂ ಇದ್ದಾನೆ, ಮುದ್ದೆ ಉಣ್ಣುತ್ತಾನೆ. ಬಿ.ಪಿ. ಈಗ ನನಗೆ. ಡಾಕ್ಟರು ಕೊಟ್ಟ ಚೀಟಿಯಲ್ಲಿ 'ಸೊಪ್ಪು' ಎಂದಿದೆ. ನಾನಿರುವ ಟಿ. ನರಸೀಪುರದಲ್ಲಿ ಸೊಪ್ಪೆಂದರೆ ದಂಟು, ಮೆಂತ್ಯ, ಪಾಲಕ್. ನಮ್ಮೂರ ಬದುಗಳಿಗೆ ಕಳೆ ಔಷಧಿ ಹೊಡೆದಿದ್ದಾರೆ. ಅಜ್ಜಿ ಇಲ್ಲ. ಸೊಪ್ಪುಗಳ ಹೆಸರು ನನಗೆ ನೆನಪಿದೆ, ಎಲೆಗಳ ಗುರುತು ಮರೆತಿದೆ.

ಆ ಭಾನುವಾರ ನಿಜವಾಗಿ ಆದ ಕೆಟ್ಟದ್ದು ಒಂದೇ. ಕಣ್ಣೀರು ಒರೆಸಿಕೊಂಡು, ಹಸಿವು ತಡೆಯಲಾಗದೆ ಅಡುಗೆಮನೆಗೆ ಹೋದೆ. ಅಮ್ಮ ಕೊನೆಯ ಚೂರು ಮುದ್ದೆಯಲ್ಲಿ ಪಾತ್ರೆಯ ತಳ ಬಳಿದು ಬಾಯಿಗಿಟ್ಟುಕೊಳ್ಳುತ್ತಿದ್ದಳು.